ಮಿಗ್ ವೆಲ್ಡಿಂಗ್ ಯಂತ್ರದಲ್ಲಿ ಶಾಕ್, ರಂಧ್ರ ಬೀಳುವ ಬೆಸುಗೆ ಮತ್ತು ನಿರ್ವಹಣೆಯ ಕ್ರಮ

ಪ್ರಶ್ನೆ: ನಮ್ಮ ಫ್ಯಾಬ್ರಿಕೇಷನ್ ವರ್ಕ್‌ಶಾಪಿನಲ್ಲಿ 400 ಆಂಪಿಯರ್‌ನ ಮಿಗ್ ವೆಲ್ಡಿಂಗ್ ಯಂತ್ರವನ್ನು (ತಾನಾಗಿ ಮುಂದೆ ಬರುವ ವೈರನ್ನು ಅನಿಲದ ಹೊದಿಕೆಯಲ್ಲಿ ಕರಗಿಸಿ ಬೆಸೆಯುವ ಯಂತ್ರ) 1.2 ಮಿ.ಮೀ. ವೈರ್ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲದೊಂದಿಗೆ ದಿನವಿಡೀ ಓಡಿಸುತ್ತೇವೆ. ಮೊನ್ನೆ ಸ್ಪೂಲ್ (ವೈರ್ ಸುತ್ತಿದ ಉರುಳೆ) ಬದಲಿಸುತ್ತಿದ್ದ ಸಹಾಯಕನಿಗೆ ಶಾಕ್ ಹೊಡೆಯಿತು. ಯಂತ್ರದ ಬಾಡಿ ಮುಟ್ಟಿದರೂ ಒಮ್ಮೊಮ್ಮೆ ಜುಮ್ಮೆನ್ನುತ್ತದೆ ಎಂದು ಇನ್ನೊಬ್ಬ ಹೇಳುತ್ತಾನೆ. ಕೆಲಸ ಶುರುವಾಗಿ ಒಂದು ಗಂಟೆ ಕಳೆದ ಮೇಲೆ ಬೆಸುಗೆಯಲ್ಲಿ ರಂಧ್ರಗಳು ಬೀಳುತ್ತವೆ, ಬಿಡುವಿನ ನಂತರ ತಾನಾಗಿಯೇ ಸರಿಹೋಗುತ್ತದೆ. ದಪ್ಪ ಪ್ಲೇಟಿನ ಕೆಲಸದಲ್ಲಿ ಹಳದಿ ದೀಪ ಹೊತ್ತಿ ಯಂತ್ರ ನಿಲ್ಲುತ್ತದೆ. ನಾವೇ ಮಾಡಬಹುದಾದ ನಿರ್ವಹಣೆ ಯಾವುದು, ಎಲೆಕ್ಟ್ರಿಷಿಯನ್‌ಗೆ ಬಿಡಬೇಕಾದದ್ದು ಯಾವುದು?

ಉತ್ತರ: ನೀವು ಕೇಳಿರುವವುಗಳಲ್ಲಿ ಶಾಕ್‌ನ ಸಂಗತಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವು ಒಂದೆರಡು ದಿನ ಕಾಯಬಹುದು, ಇದು ಕಾಯುವಂಥದ್ದಲ್ಲ. ಬಾಡಿ ಮುಟ್ಟಿದರೆ ಜುಮ್ಮೆನ್ನುವ ಯಂತ್ರವನ್ನು ಈ ಉತ್ತರ ಓದಿದ ಕೂಡಲೇ ಮೇನ್ ಸ್ವಿಚ್‌ನಲ್ಲಿ ಆಫ್ ಮಾಡಿ, ಸ್ವಿಚ್‌ಗೆ ಬೀಗ ಹಾಕಿ, ಯಾರೂ ಆನ್ ಮಾಡಬಾರದೆಂದು ಚೀಟಿ ಕಟ್ಟಿಸಿ. ಪರೀಕ್ಷೆ ಮುಗಿಯುವವರೆಗೆ ಅದು ಕೆಲಸಕ್ಕೆ ಬರಬಾರದು. ‘ಒಮ್ಮೊಮ್ಮೆ ಮಾತ್ರ’ ಎಂಬ ಮಾತಿನಿಂದ ಸಮಾಧಾನಪಟ್ಟುಕೊಳ್ಳಬೇಡಿ. ಕೈ ಒಣಗಿದೆಯೋ ಬೆವತಿದೆಯೋ, ಕಾಲಿನಲ್ಲಿ ರಬ್ಬರ್ ತಳದ ಬೂಟು ಇದೆಯೋ ಇಲ್ಲವೋ ಎಂಬುದರ ಮೇಲೆ ಅದೇ ದೋಷ ಒಬ್ಬನಿಗೆ ಜುಮ್ಮೆಂದು, ಇನ್ನೊಬ್ಬನಿಗೆ ಪ್ರಾಣಾಪಾಯವಾಗಿ ಕಾಣಿಸಿಕೊಳ್ಳಬಹುದು.

ನೀವು ವಿವರಿಸಿರುವ ಎರಡು ಶಾಕ್‌ಗಳ ಮೂಲ ಬಹುಶಃ ಬೇರೆ ಬೇರೆ. ಸ್ಪೂಲ್ ಬದಲಿಸುವಾಗ ಸಹಾಯಕನಿಗೆ ತಗುಲಿದ್ದು ವೆಲ್ಡಿಂಗ್ ಸರ್ಕ್ಯೂಟಿನ ವೋಲ್ಟೇಜ್ ಆಗಿರುವ ಸಾಧ್ಯತೆ ಹೆಚ್ಚು. ಮಿಗ್ ಯಂತ್ರದಲ್ಲಿ ಟ್ರಿಗರ್ ಒತ್ತಿದ ಕ್ಷಣದಿಂದ ವಿದ್ಯುತ್ ಇರುವುದು ಟಾರ್ಚಿನ ತುದಿಯಲ್ಲಿ ಮಾತ್ರವಲ್ಲ. ವೈರ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟ್ ಟಿಪ್‌ನಿಂದ ಹಿಡಿದು ಲೈನರ್ (ಟಾರ್ಚಿನ ಕೇಬಲ್ಲಿನೊಳಗೆ ವೈರ್ ಸಾಗುವ ನಳಿಗೆ) ಒಳಗಿನ ವೈರ್, ಫೀಡ್ ರೋಲರ್‌ಗಳು ಮತ್ತು ಸ್ಪೂಲಿನಲ್ಲಿ ಸುತ್ತಿರುವ ಅಷ್ಟೂ ವೈರ್ ಅದೇ ವೋಲ್ಟೇಜಿನಲ್ಲಿರುತ್ತವೆ. ಸಹಾಯಕ ಒಂದು ಕೈಯಲ್ಲಿ ಸ್ಪೂಲ್ ಹಿಡಿದು, ಇನ್ನೊಂದು ಕೈಯನ್ನು ಜಾಬ್ (ಬೆಸೆಯುವ ಲೋಹದ ತುಂಡು) ಮೇಲೋ ಅದಕ್ಕೆ ತಾಗಿರುವ ಮೇಜಿನ ಮೇಲೋ ಊರಿ ನಿಂತಿರುವಾಗ, ನೆಲದ ಮೇಲೆ ಬಿದ್ದಿದ್ದ ಟಾರ್ಚಿನ ಟ್ರಿಗರನ್ನು ಯಾರೋ ತುಳಿದರೆ ಸಾಕು. ಆರ್ಕ್ ಇಲ್ಲದಿರುವಾಗಿನ ವೋಲ್ಟೇಜ್ ಆರ್ಕ್ ಉರಿಯುವಾಗಿನದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನೂ ನೆನಪಿಡಬೇಕು. ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ (ಐಇಸಿ) 60974-1 ಮಾನದಂಡವು ಡಿಸಿ ಯಂತ್ರಗಳಿಗೆ ಇದನ್ನು ಗರಿಷ್ಠ 113 ವೋಲ್ಟ್‌ಗೆ ಸೀಮಿತಗೊಳಿಸಿದೆ. ನಿಮ್ಮ ಯಂತ್ರದ್ದು ಎಷ್ಟೆಂದು ಅದರ ನಾಮಫಲಕದಲ್ಲಿ ಬರೆದಿರುತ್ತದೆ. ಬೆವರಿನಲ್ಲಿ ನೆನೆದ ಕೈಗವಸಿನ ಮೂಲಕ ಅಪಾಯ ಉಂಟುಮಾಡಲು ಅಷ್ಟೂ ವೋಲ್ಟ್ ಬೇಕಾಗಿಲ್ಲ.

ಆದ್ದರಿಂದ ಸ್ಪೂಲ್, ರೋಲರ್, ಟಿಪ್ ಅಥವಾ ಲೈನರ್ ಬದಲಿಸುವ ಮುನ್ನ ಪವರ್ ಸೋರ್ಸ್ (ವೆಲ್ಡಿಂಗ್ ಕರೆಂಟ್ ಕೊಡುವ ಮುಖ್ಯ ಯಂತ್ರ) ಆಫ್ ಆಗಿರಬೇಕು ಎಂಬುದನ್ನು ವರ್ಕ್‌ಶಾಪಿನ ನಿಯಮವಾಗಿ ಮಾಡಿ. ಹೊಸ ವೈರನ್ನು ಟಾರ್ಚಿನವರೆಗೆ ತಳ್ಳಲು ಯಂತ್ರವನ್ನು ಮತ್ತೆ ಆನ್ ಮಾಡಲೇಬೇಕು. ಆಗ ಟ್ರಿಗರ್ ಬಳಸುವ ಬದಲು ಫೀಡರ್ ಮೇಲಿರುವ ಇಂಚಿಂಗ್ ಬಟನ್ ಬಳಸಿ, ಅದು ವೆಲ್ಡಿಂಗ್ ವೋಲ್ಟೇಜ್ ಕೊಡದೆ, ಅನಿಲವನ್ನೂ ಬಿಡದೆ ವೈರನ್ನು ಮಾತ್ರ ಓಡಿಸುತ್ತದೆ. ವೈರ್ ಹೊರಬರುವಾಗ ಟಾರ್ಚ್ ಯಾರ ಮುಖದ ಕಡೆಗೂ, ನಿಮ್ಮದೇ ಅಂಗೈಯ ಕಡೆಗೂ ತಿರುಗಿರಬಾರದು. ನಿಮಿಷಕ್ಕೆ ಎಂಟು ಹತ್ತು ಮೀಟರ್ ವೇಗದಲ್ಲಿ ಬರುವ 1.2 ಮಿ.ಮೀ. ಉಕ್ಕಿನ ತಂತಿ ಕೈಗವಸನ್ನೂ ಅಂಗೈಯನ್ನೂ ಸೂಜಿಯಂತೆ ತೂರಿಕೊಂಡು ಹೋಗಬಲ್ಲದು, ಮತ್ತು ಟಿಪ್‌ನಿಂದ ಬಂತೇ ಎಂದು ಇಣುಕಿ ನೋಡುವ ಅಭ್ಯಾಸದಿಂದ ಕಣ್ಣಿಗೇ ಅಪಾಯ.

ಬಾಡಿಯ ಮೇಲಿನ ಜುಮ್ಮು ಇನ್ನೊಂದು ಜಾತಿಯದು. ಅದರ ಅರ್ಥ, ಒಳಗೆಲ್ಲೋ ಇನ್ಸುಲೇಷನ್ ಸೋರುತ್ತಿದೆ, ಜೊತೆಗೆ ಆ ಸೋರಿಕೆಯನ್ನು ಭೂಮಿಗೆ ಒಯ್ಯಬೇಕಾದ ರಕ್ಷಣಾ ಅರ್ಥ್ ತಂತಿ, ಅಂದರೆ ಮೇನ್ ಕೇಬಲ್ಲಿನ ಹಸಿರು-ಹಳದಿ ತಂತಿ, ಎಲ್ಲೋ ಕಡಿದಿದೆ ಅಥವಾ ಸಡಿಲಾಗಿದೆ. ಇಲ್ಲಿ ಬಹಳ ವರ್ಕ್‌ಶಾಪುಗಳಲ್ಲಿ ಒಂದು ಗೊಂದಲವಿದೆ. ಜಾಬ್‌ಗೆ ಹಚ್ಚುವ ದಪ್ಪ ಕೇಬಲ್ಲಿನ ಕ್ಲ್ಯಾಂಪನ್ನು ಎಲ್ಲರೂ ಅರ್ಥ್ ಎಂದೇ ಕರೆಯುವುದರಿಂದ, ಅದು ಗಟ್ಟಿಯಾಗಿದ್ದರೆ ಯಂತ್ರಕ್ಕೆ ಅರ್ಥಿಂಗ್ ಆದಂತೆ ಎಂದು ಭಾವಿಸುತ್ತಾರೆ. ಹಾಗಲ್ಲ. ಆ ಕೇಬಲ್ಲಿನ ಕೆಲಸ ವೆಲ್ಡಿಂಗ್ ಕರೆಂಟನ್ನು ಯಂತ್ರಕ್ಕೆ ಹಿಂದಿರುಗಿಸುವುದು. ಹಸಿರು-ಹಳದಿ ತಂತಿಯ ಕೆಲಸ ಮೇನ್ ಕಡೆಯ ದೋಷ ಉಂಟಾದಾಗ ಮನುಷ್ಯನನ್ನು ಉಳಿಸುವುದು. ಒಂದು ಇನ್ನೊಂದಕ್ಕೆ ಬದಲಿಯಾಗದು. ಆದರೆ ಒಂದರ ನಿರ್ಲಕ್ಷ್ಯ ಇನ್ನೊಂದನ್ನು ಹಾಳುಮಾಡಬಲ್ಲದು. ನಿಮ್ಮ ಯಂತ್ರದಲ್ಲಿ ಆಗಿರುವುದು ಇದೇ ಇರಬಹುದೆಂದು ನನ್ನ ಅನುಮಾನ.

ಹೇಗೆಂದು ನೋಡಿ. ರಿಟರ್ನ್ ಕ್ಲ್ಯಾಂಪಿನ ಸ್ಪ್ರಿಂಗ್ ಸೋತಿದೆ, ಅದನ್ನು ಪೇಂಟ್ ಬಳಿದ ಅಂಚಿಗೋ ತುಕ್ಕು ಹಿಡಿದ ಮೇಜಿನ ಕಾಲಿಗೋ ಸಿಕ್ಕಿಸಲಾಗಿದೆ ಎಂದುಕೊಳ್ಳಿ. ಟಾರ್ಚಿನಿಂದ ಹೊರಟ 300 ಆಂಪಿಯರ್ ಹೇಗಾದರೂ ಯಂತ್ರಕ್ಕೆ ಹಿಂದಿರುಗಲೇಬೇಕು. ಕ್ಲ್ಯಾಂಪಿನ ದಾರಿ ಕಷ್ಟವಾದಾಗ ಅದರ ಒಂದು ಭಾಗ ಜಾಬನ್ನು ಹಿಡಿದಿರುವ ಕ್ರೇನಿನ ಸರಪಳಿ, ಜಾಬನ್ನು ತಿರುಗಿಸುವ ಪೊಸಿಷನರ್‌ನ ಬೇರಿಂಗ್, ಕಟ್ಟಡದ ಉಕ್ಕಿನ ಕಂಬ, ಜಾಬ್‌ಗೆ ತಾಗಿಕೊಂಡಿರುವ ಗ್ರೈಂಡರಿನ ಅರ್ಥ್ ತಂತಿ, ಹೀಗೆ ಸಿಕ್ಕ ದಾರಿ ಹಿಡಿಯುತ್ತದೆ. ಎರಡೂವರೆ ಅಥವಾ ನಾಲ್ಕು ಚದರ ಮಿ.ಮೀ. ದಪ್ಪದ ರಕ್ಷಣಾ ತಂತಿ ಇಂಥ ಕರೆಂಟಿಗಾಗಿ ಮಾಡಿದ್ದಲ್ಲ. ಅದು ಪ್ಲಗ್ಗಿನ ಒಳಗೋ ಟರ್ಮಿನಲ್ಲಿನ ಬಳಿಯೋ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಸುಟ್ಟ ಮೇಲೆ ಯಂತ್ರ ಎಂದಿನಂತೆಯೇ ಬೆಸೆಯುತ್ತದೆ, ಯಾವ ದೀಪವೂ ಹೊತ್ತುವುದಿಲ್ಲ. ಮುಂದೊಂದು ದಿನ ಇನ್ಸುಲೇಷನ್ ಸೋರಿದಾಗ ಯಂತ್ರದ ಬಾಡಿಯ ಮೇಲೆ ಮೇನ್ ವೋಲ್ಟೇಜ್ ಬಂದು ಕೂರುತ್ತದೆ. ಕ್ರೇನಿನ ಕೊಕ್ಕೆಯ ಮೇಲೆ ನೀಲಿಗಟ್ಟಿದ ಸುಟ್ಟ ಗುರುತು, ವೈರ್ ರೋಪಿನ ಎಳೆಗಳಲ್ಲಿ ಸಣ್ಣ ಕರಗಿದ ಮಣಿಗಳು, ಕಾರಣವಿಲ್ಲದೆ ಕೆಡುವ ಬೇರಿಂಗ್, ಪ್ಲಗ್ಗಿನಲ್ಲಿ ಕಂದುಬಣ್ಣಕ್ಕೆ ತಿರುಗಿದ ಹಸಿರು-ಹಳದಿ ತಂತಿ: ಇವೆಲ್ಲ ದಾರಿ ತಪ್ಪಿದ ಕರೆಂಟಿನ ಹೆಜ್ಜೆಗುರುತುಗಳು.

ಅದಕ್ಕಾಗಿ ರಿಟರ್ನ್ ಕ್ಲ್ಯಾಂಪನ್ನು ಬೆಸೆಯುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ, ಜಾಬ್‌ನ ಮೇಲೆಯೇ, ಗ್ರೈಂಡರ್‌ನಿಂದ ಹೊಳೆಯುವಂತೆ ತಿಕ್ಕಿದ ಲೋಹದ ಮೇಲೆ ಹಚ್ಚಬೇಕು. ಕ್ಲ್ಯಾಂಪ್ ಹಾಗೂ ಬೆಸುಗೆಯ ನಡುವೆ ಬೇರಿಂಗ್, ಕೀಲು, ಸರಪಳಿ ಯಾವುದೂ ಬರಬಾರದು. ಕ್ರೇನಿನಲ್ಲಿ ತೂಗುತ್ತಿರುವ ಜಾಬನ್ನು ಬೆಸೆಯುವುದನ್ನು ತಪ್ಪಿಸಿ, ಅನಿವಾರ್ಯವಾದರೆ ಕೊಕ್ಕೆಯ ಬಳಿ ಇನ್ಸುಲೇಷನ್ ಇರುವ ಜೋಡಣೆ ಬಳಸಿ. ಫೀಡರನ್ನು ಮೇಲಿನಿಂದ ತೂಗುಹಾಕಿದ್ದರೂ ಇದೇ ಮಾತು ಅನ್ವಯಿಸುತ್ತದೆ.

ಸಡಿಲ ಜೋಡಣೆ ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಕ್ಲ್ಯಾಂಪಿನಲ್ಲಿ ಕೇವಲ 0.01 ಓಮ್ ಪ್ರತಿರೋಧವಿದ್ದರೆ, 300 ಆಂಪಿಯರ್‌ನಲ್ಲಿ ಅಲ್ಲಿ 3 ವೋಲ್ಟ್ ನಷ್ಟವಾಗುತ್ತದೆ ಮತ್ತು 900 ವಾಟ್ ಶಾಖ ಹುಟ್ಟುತ್ತದೆ. ಅಂದರೆ ಆ ಕ್ಲ್ಯಾಂಪ್ ಒಂದು ಸಣ್ಣ ಹೀಟರ್ ಆಗುತ್ತದೆ. ಮಿಗ್ ಯಂತ್ರಗಳ ಪರೀಕ್ಷೆಗೆ ಬಳಸುವ ಸೂತ್ರದ ಪ್ರಕಾರ ಲೋಡ್ ವೋಲ್ಟೇಜ್ ಎಂದರೆ 14ಕ್ಕೆ ಕರೆಂಟಿನ 0.05 ಪಟ್ಟನ್ನು ಕೂಡಿದ ಮೊತ್ತ, ಅಂದರೆ 200 ಆಂಪಿಯರ್‌ಗೆ 24 ವೋಲ್ಟ್, 300ಕ್ಕೆ 29 ವೋಲ್ಟ್. ಆ 29ರಲ್ಲಿ 3 ವೋಲ್ಟ್ ದಾರಿಯಲ್ಲೇ ಹೋದರೆ ಆರ್ಕ್ ಮಂಕಾಗುತ್ತದೆ, ಸ್ಪ್ಯಾಟರ್ (ಸಿಡಿಯುವ ಕರಗಿದ ಲೋಹದ ಹನಿಗಳು) ಹೆಚ್ಚುತ್ತದೆ, ವೈರ್ ಜಾಬ್‌ಗೆ ಕುಟ್ಟತೊಡಗುತ್ತದೆ. ವೆಲ್ಡರ್ ವೋಲ್ಟೇಜ್ ನಾಬ್ ತಿರುಗಿಸಿ ಹೆಚ್ಚಿಸುತ್ತಾನೆ, ಆರ್ಕ್ ಸರಿಹೋಯಿತೆನ್ನಿಸುತ್ತದೆ, ದೋಷ ಮಾತ್ರ ಅಲ್ಲಿಯೇ ಉಳಿದು ಇನ್ನಷ್ಟು ಬಿಸಿಯಾಗುತ್ತದೆ. ಬೆಸುಗೆ ನಡೆಯುತ್ತಿರುವಾಗ ಯಂತ್ರದ ರಿಟರ್ನ್ ಟರ್ಮಿನಲ್ ಹಾಗೂ ಬೆಸೆಯುವ ಜಾಗದ ಬಳಿಯ ಜಾಬ್, ಇವೆರಡರ ನಡುವೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಅಳೆಯಿರಿ. ಓದು ಒಂದೆರಡು ವೋಲ್ಟ್ ಮೀರಿದರೆ ನಾಬ್ ಬಿಡಿ, ಕೇಬಲ್, ಲಗ್, ಕ್ಲ್ಯಾಂಪ್‌ಗಳನ್ನು ಹಿಡಿಯಿರಿ. ಯಂತ್ರಕ್ಕೆ ತಿರುಪಿ ಸಿಕ್ಕಿಸುವ ಕೇಬಲ್ ಕನೆಕ್ಟರ್‌ಗಳನ್ನು ಪೂರ್ತಿ ಬಿಗಿಯುವವರೆಗೆ ತಿರುಗಿಸದೆ ಬಿಡುವುದು ಕೂಡ ಇಂಥದೇ ತಪ್ಪು.

ಇನ್ನು ಒಂದು ಗಂಟೆಯ ನಂತರ ಬೀಳುವ ರಂಧ್ರಗಳು. ದೋಷ ಬೆಳಿಗ್ಗೆ ಇರುವುದಿಲ್ಲ, ಬಿಡುವಿನ ನಂತರವೂ ಇರುವುದಿಲ್ಲ ಎಂಬ ನಿಮ್ಮ ವಿವರಣೆಯೇ ಅರ್ಧ ಉತ್ತರ. ಜಾಬ್‌ನ ತುಕ್ಕು, ಎಣ್ಣೆ ಅಥವಾ ಒದ್ದೆ ವೈರ್ ಕಾರಣವಾಗಿದ್ದರೆ ಅದು ಗಡಿಯಾರ ನೋಡಿ ಬರುತ್ತಿರಲಿಲ್ಲ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವರೂಪದಲ್ಲಿರುತ್ತದೆ. ಅನಿಲವಾಗಿ ಹೊರಬರುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ರೆಗ್ಯುಲೇಟರಿನಲ್ಲಿ ಒತ್ತಡ ಇಳಿಯುವಾಗ ಇನ್ನಷ್ಟು ತಣ್ಣಗಾಗುತ್ತದೆ. ನಿಮಿಷಕ್ಕೆ 15 ಲೀಟರ್‌ನಂತೆ ಬಿಡುವಿಲ್ಲದೆ ಹರಿದರೆ ಗಂಟೆಗೆ ಒಂದೂವರೆ ಕಿಲೋಗಿಂತ ಹೆಚ್ಚು ಅನಿಲ ಆವಿಯಾಗುತ್ತದೆ. ಅನಿಲವನ್ನು ಬೆಚ್ಚಗಿಡಲು ರೆಗ್ಯುಲೇಟರಿಗೆ ಜೋಡಿಸಿರುವ ಹೀಟರ್ ಕೆಲಸ ಮಾಡದಿದ್ದರೆ ಅದರ ಒಳಗೆ ಹಿಮ ಕಟ್ಟಿ ದಾರಿ ಕಿರಿದಾಗುತ್ತದೆ, ಅನಿಲ ಏರಿಳಿಯುತ್ತ ಬರುತ್ತದೆ, ಬೆಸುಗೆಗೆ ಗಾಳಿ ನುಗ್ಗುತ್ತದೆ. ಬಿಡುವಿನಲ್ಲಿ ಹಿಮ ಕರಗುತ್ತದೆ, ಬೆಸುಗೆ ಸರಿಯಾಗುತ್ತದೆ. ರಂಧ್ರ ಬಿದ್ದ ಹೊತ್ತಿನಲ್ಲಿ ರೆಗ್ಯುಲೇಟರಿನ ಬಳಿ ಹೋಗಿ ನೋಡಿ. ಅದರ ಮೈಮೇಲೆ ಬಿಳಿ ಹಿಮ ಕಟ್ಟಿದ್ದು, ಹೀಟರ್ ಮುಟ್ಟಿದರೆ ಬೆಚ್ಚಗಿಲ್ಲದಿದ್ದರೆ ದೋಷ ಸಿಕ್ಕಿತು. ಹೀಟರಿನ ಪ್ಲಗ್ ಹಲವು ಯಂತ್ರಗಳಲ್ಲಿ ಹಿಂಬದಿಯ ಸಾಕೆಟ್ಟಿಗೆ ಹೋಗುತ್ತದೆ, ಅದಕ್ಕೆ ಪ್ರತ್ಯೇಕ ಫ್ಯೂಸ್ ಇರುತ್ತದೆ. ಫ್ಯೂಸ್ ಹೋಗಿರುವುದು ಅಥವಾ ಪ್ಲಗ್ ಕಳಚಿಕೊಂಡಿರುವುದೇ ಸಾಮಾನ್ಯ ಕಾರಣ. ಹಿಮ ಕರಗಿಸಲು ಬೆಂಕಿಯ ಜ್ವಾಲೆಯನ್ನು ಯಾವ ಕಾರಣಕ್ಕೂ ಹಿಡಿಯಬೇಡಿ; ವಾಲ್ವ್ ಮುಚ್ಚಿ ತಾನಾಗಿ ಕರಗಲು ಬಿಡಿ.

ಇದೇ ದ್ರವದ ಕಾರಣಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಒತ್ತಡ ಮಾಪಕ ಎಷ್ಟು ಅನಿಲ ಉಳಿದಿದೆ ಎಂದು ಹೇಳುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 57 ಬಾರ್ ತೋರಿಸುತ್ತದೆ, ದ್ರವದ ಕೊನೆಯ ಹನಿ ಮುಗಿಯುವವರೆಗೂ ಅಷ್ಟನ್ನೇ ತೋರಿಸುತ್ತದೆ. ಆಮೇಲೆ ಬೇಗ ಇಳಿದುಬಿಡುತ್ತದೆ. ಉಳಿದಿರುವ ಪ್ರಮಾಣ ತಿಳಿಯಲು ಸಿಲಿಂಡರನ್ನು ತೂಗಿ, ಅದರ ಮೇಲೆ ಕೆತ್ತಿರುವ ಖಾಲಿ ತೂಕವನ್ನು ಕಳೆಯಬೇಕು. ಆರ್ಗನ್ ಅಥವಾ ಆರ್ಗನ್ ಮಿಶ್ರಣದ ಸಿಲಿಂಡರಿನಲ್ಲಿ ಮಾತ್ರ ಒತ್ತಡವನ್ನು ನಂಬಬಹುದು. ಸಿಲಿಂಡರ್ ಯಾವಾಗಲೂ ನೆಟ್ಟಗೆ, ಸರಪಳಿಯಿಂದ ಬಿಗಿದು ನಿಂತಿರಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ಬರುತ್ತದೆ. 31 ಡಿಗ್ರಿ ದಾಟಿದರೆ ಒಳಗೆ ದ್ರವವೆಂಬುದೇ ಉಳಿಯುವುದಿಲ್ಲ, ಒತ್ತಡ ಏರುತ್ತ ಹೋಗುತ್ತದೆ, ಆದ್ದರಿಂದ ಬಿಸಿಲಿನಲ್ಲಿ ನಿಲ್ಲಿಸಬಾರದು. ವಾಲ್ವ್ ತೆರೆಯುವಾಗ ರೆಗ್ಯುಲೇಟರಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ, ನಿಧಾನವಾಗಿ ತೆರೆಯಿರಿ. ಕ್ಯಾಪ್ ಹಾಕದೆ ಸಿಲಿಂಡರ್ ಸಾಗಿಸಬೇಡಿ.

ಹೀಟರ್ ಸರಿಯಿದ್ದೂ ರಂಧ್ರ ನಿಲ್ಲದಿದ್ದರೆ ಟಾರ್ಚಿನ ತುದಿಯ ನಾಝಲ್ ತೆಗೆದು ನೋಡಿ. ಒಂದು ಗಂಟೆ ಬೆಸೆದ ನಾಝಲ್ಲಿನ ಒಳಗೋಡೆಗೆ ಸ್ಪ್ಯಾಟರ್ ಉಂಗುರದಂತೆ ಕಟ್ಟಿ, ಅನಿಲ ಹರಡುವ ಡಿಫ್ಯೂಸರಿನ ಸಣ್ಣ ತೂತುಗಳನ್ನು ಅರ್ಧ ಮುಚ್ಚಿರುತ್ತದೆ. ಅದು ಸಹ ಗಂಟೆಯ ಲೆಕ್ಕದಲ್ಲೇ ಬರುವ ದೋಷ. ಬಿಡುವಿನ ನಂತರ ಯಾರಾದರೂ ನಾಝಲ್ ತಟ್ಟಿ ಶುಚಿಮಾಡಿಯೇ ಕೆಲಸ ಶುರುಮಾಡುತ್ತಾರಾದರೆ ಎರಡೂ ಕಾರಣಗಳು ಒಂದೇ ರೀತಿ ಕಾಣುತ್ತವೆ. ನಾಝಲ್ಲನ್ನು ಜಾಬ್‌ಗೆ ಕುಟ್ಟಿ ಶುಚಿಮಾಡುವ ಚಾಳಿಯನ್ನು ಬಿಡಿಸಿ. ನಾಝಲ್ ಮತ್ತು ಟಿಪ್ ನಡುವಿನ ಇನ್ಸುಲೇಟರ್ ಬಿರುಕು ಬಿಟ್ಟರೆ, ಅಥವಾ ಸ್ಪ್ಯಾಟರ್ ಸೇತುವೆ ಕಟ್ಟಿದರೆ, ನಾಝಲ್ಲಿಗೇ ವಿದ್ಯುತ್ ಬಂದು ಜಾಬ್ ತಾಗಿದ ಕಡೆಯೆಲ್ಲ ಆರ್ಕ್ ಹೊಡೆಯುತ್ತದೆ.

ಅನಿಲ ಸಾಲದು ಅನ್ನಿಸಿದಾಗ ಫ್ಲೋಮೀಟರನ್ನು 25, 30 ಲೀಟರಿಗೆ ಏರಿಸುವುದು ಎಲ್ಲ ಕಡೆ ಕಾಣುವ ತಪ್ಪು. ಹರಿವು ಅತಿಯಾದರೆ ನಾಝಲ್ಲಿನ ಬಾಯಲ್ಲಿ ಸುಳಿಗಳೆದ್ದು ಅನಿಲವೇ ಗಾಳಿಯನ್ನು ಒಳಗೆಳೆಯುತ್ತದೆ, ರಂಧ್ರ ಇನ್ನೂ ಹೆಚ್ಚುತ್ತದೆ. 1.2 ಮಿ.ಮೀ. ವೈರ್‌ಗೆ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 18 ಲೀಟರ್ ಸಾಕು. ಹರಿವನ್ನು ಸಿಲಿಂಡರ್ ಕಡೆ ಮಾತ್ರವಲ್ಲ, ನಾಝಲ್ಲಿನ ಬಾಯಲ್ಲೂ ಸಣ್ಣ ಅಳತೆ ನಳಿಗೆ ಹಿಡಿದು ನೋಡಬೇಕು. ಎರಡರ ನಡುವೆ ಹೆಚ್ಚು ಅಂತರವಿದ್ದರೆ ಹೋಸ್‌ನಲ್ಲಿ, ಓ-ರಿಂಗ್‌ನಲ್ಲಿ ಅಥವಾ ಟ್ರಿಗರ್ ಒತ್ತಿದಾಗ ಅನಿಲ ಬಿಡುವ ಸೊಲೆನಾಯ್ಡ್ ವಾಲ್ವ್‌ನಲ್ಲಿ ಸೋರಿಕೆಯಿದೆ. ಸೋರುವ ಜಾಗ ಸಾಬೂನು ನೀರಿನಿಂದ ಸಿಗುತ್ತದೆ.

ಫ್ಯಾನ್ ಗಾಳಿಯ ವಿಚಾರದಲ್ಲಿ ವೆಲ್ಡರ್‌ಗಳಿಗೂ ಸುರಕ್ಷತಾ ಅಧಿಕಾರಿಗಳಿಗೂ ಸದಾ ಜಗಳ. ಗಾಳಿ ಬಿಟ್ಟರೆ ಅನಿಲ ಹಾರಿಹೋಗುತ್ತದೆ ಎಂದು ಒಬ್ಬರು, ನಿಲ್ಲಿಸಿದರೆ ಹೊಗೆ ಕುಡಿಯಬೇಕು ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿ, ಆದರೆ ಎರಡರ ನಡುವೆ ಸಾಕಷ್ಟು ಜಾಗವಿದೆ. ಅನಿಲದ ಹೊದಿಕೆ ಕದಡಲು ಗಾಳಿಯ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಬೇಕು. ಹೊಗೆಯನ್ನು ಹಿಡಿಯಲು ಆರ್ಕಿನ ಬಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗ ಸಾಕು. ಹೀಗಾಗಿ ನೆಲದ ಮೇಲಿನ ದೊಡ್ಡ ಫ್ಯಾನನ್ನು ತೆಗೆದು, ಬೆಸುಗೆಯ ಪಕ್ಕದಲ್ಲಿ ಹೊಗೆ ಹೀರುವ ತೋಳನ್ನು ಇಟ್ಟರೆ ಎರಡೂ ಕೆಲಸ ನಡೆಯುತ್ತದೆ. ಹೀರುವ ಬಾಯಿ ವೆಲ್ಡರಿನ ಮುಖದ ಆಚೆ ಬದಿಯಲ್ಲಿರಬೇಕು. ಹೊಗೆ ಮುಖದ ಮುಂದೆಯೇ ಹಾದು ಮೇಲೇರುವಂತೆ ಇಟ್ಟ ತೋಳು ಇದ್ದೂ ಇಲ್ಲದಂತೆ.

ಹೊಗೆಯನ್ನು ಹಗುರವಾಗಿ ಕಾಣುವ ಕಾಲ ಮುಗಿದಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ವೆಲ್ಡಿಂಗ್‌ನಿಂದ ಬರುವ ನೇರಳಾತೀತ ಕಿರಣಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೇ ಗುಂಪಿಗೆ ಸೇರಿಸಿತು. ಸಾಮಾನ್ಯ ಉಕ್ಕಿನ ವೈರಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ದೀರ್ಘಕಾಲ ಒಳಹೋದರೆ ನರಮಂಡಲಕ್ಕೆ ಹಾನಿ. ಸ್ಟೇನ್‌ಲೆಸ್ ಉಕ್ಕಿನಿಂದ ಆರು ವೇಲೆನ್ಸಿಯ, ಅಂದರೆ ವಿಷಕಾರಿ ರೂಪದ, ಕ್ರೋಮಿಯಂ ಬರುತ್ತದೆ. ಸತುವಿನ ಲೇಪವಿರುವ ಪೈಪನ್ನು ಹಾಗೆಯೇ ಬೆಸೆದವನಿಗೆ ಸಂಜೆಗೆ ಚಳಿಜ್ವರ ಬಂದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಕ್ಕೆ ಮುನ್ನೆಚ್ಚರಿಕೆಯಾಗಿ ಹಾಲು ಕುಡಿಸುವವರಿದ್ದಾರೆ, ಆದರೆ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಸುಗೆಯ ಎರಡೂ ಬದಿಗೆ 25ರಿಂದ 50 ಮಿ.ಮೀ. ಅಗಲ ಲೇಪ ಉಜ್ಜಿ ತೆಗೆಯುವುದು, ಹೊಗೆ ಹೀರುವುದು, ಸರಿಯಾದ ಮಾಸ್ಕ್ ತೊಡುವುದು ಮಾತ್ರ ಪರಿಹಾರ. ಕ್ಯಾಡ್ಮಿಯಂ ಲೇಪದ ಬೋಲ್ಟುಗಳ ಹೊಗೆ ಮಾರಕವಾಗಬಲ್ಲದು, ಅವುಗಳನ್ನು ಬೆಸೆಯಲೇಬೇಡಿ. ಕ್ಲೋರಿನ್ ಇರುವ ಡಿಗ್ರೀಸರ್‌ನಿಂದ ಒರೆಸಿದ ಜಾಬ್ ಒದ್ದೆಯಿರುವಾಗ, ಅಥವಾ ಅಂಥ ದ್ರಾವಕದ ಆವಿ ಅಲ್ಲಿ ಸುಳಿಯುತ್ತಿರುವಾಗ ಆರ್ಕ್ ಹೊಡೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದರ ಪರಿಣಾಮ ಹಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ ಆಗಲೇ ಏನೂ ಆಗಲಿಲ್ಲವೆಂದು ನಂಬುವಂತಿಲ್ಲ.

ಟ್ಯಾಂಕ್, ಗುಂಡಿ ಅಥವಾ ಮುಚ್ಚಿದ ಚೇಂಬರಿನ ಒಳಗೆ ಮಿಗ್ ಬೆಸುಗೆ ಮಾಡುವುದು ಬೇರೆಯೇ ಕೆಲಸ. ಕಾರ್ಬನ್ ಡೈಆಕ್ಸೈಡ್, ಆರ್ಗನ್ ಎರಡೂ ಗಾಳಿಗಿಂತ ಭಾರ. ತಳದಲ್ಲಿ ತುಂಬಿಕೊಂಡು ಆಮ್ಲಜನಕವನ್ನು ಹೊರಗೆ ತಳ್ಳುತ್ತವೆ. ಇವುಗಳಿಗೆ ವಾಸನೆಯಿಲ್ಲ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಒಳಗಿಳಿಯುವಂತಿಲ್ಲ. ಆಮ್ಲಜನಕ ಅಳೆಯುವ ಮೀಟರ್ ಕೆಲಸ ಮುಗಿಯುವವರೆಗೂ ಒಳಗಿರಬೇಕು, ಹೊರಗೆ ಒಬ್ಬ ಕಾವಲಿರಬೇಕು, ಶುದ್ಧ ಗಾಳಿ ಊದುತ್ತಿರಬೇಕು. ಬಿಡುವಿನ ವೇಳೆ ಟಾರ್ಚನ್ನು ಒಳಗೇ ಬಿಟ್ಟು ಹೊರಬರುವುದು ಅಪಾಯಕಾರಿ, ಏಕೆಂದರೆ ಸೊಲೆನಾಯ್ಡ್ ವಾಲ್ವ್ ಸ್ವಲ್ಪ ಸೋರಿದರೂ ವಾಪಸು ಇಳಿಯುವ ಹೊತ್ತಿಗೆ ಒಳಗೆ ಉಸಿರಾಡಲಾಗದ ಗಾಳಿ ಕಾದಿರುತ್ತದೆ. ಟಾರ್ಚ್ ಹೊರಗೆ ಬರಲಿ, ಸಿಲಿಂಡರ್ ವಾಲ್ವ್ ಮುಚ್ಚಲಿ. ಇಂಥ ಕಬ್ಬಿಣದ ಗೂಡಿನಲ್ಲಿ ಶಾಕ್‌ನ ಅಪಾಯವೂ ಹೆಚ್ಚು. ಅದಕ್ಕೆ ಹೊಂದುವ ಪವರ್ ಸೋರ್ಸ್‌ಗಳ ಮೇಲೆ ಚೌಕದೊಳಗೆ ಎಸ್ ಅಕ್ಷರದ ಗುರುತಿರುತ್ತದೆ. ಆ ಯಂತ್ರವನ್ನು ಕೂಡ ಹೊರಗೇ ಇಡಬೇಕು.

ಹಳದಿ ದೀಪದ ಬಗ್ಗೆ ಚಿಂತೆ ಬೇಡ, ಅದು ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳುವ ಕ್ರಮ. ನಾಮಫಲಕದಲ್ಲಿ 400 ಆಂಪಿಯರ್, ಶೇ. 60 ಎಂದಿದ್ದರೆ, ಹತ್ತು ನಿಮಿಷಗಳ ಅವಧಿಯಲ್ಲಿ ಆ ಕರೆಂಟಿನಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಬಿಡಬೇಕು ಎಂದರ್ಥ. ಈ ಅಳತೆಯೂ 40 ಡಿಗ್ರಿ ಸೆಲ್ಸಿಯಸ್ ವಾತಾವರಣಕ್ಕೆ ಸಂಬಂಧಿಸಿದ್ದು. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಯಂತ್ರವನ್ನು ಬಿಡುವಿಲ್ಲದೆ ಓಡಿಸಬೇಕಾದರೆ ಸುಮಾರು 310 ಆಂಪಿಯರ್‌ಗೆ ನಿಲ್ಲಬೇಕು. ಟಾರ್ಚಿಗೂ ಇಂಥದೇ ಪ್ರತ್ಯೇಕ ಮಿತಿ (ಡ್ಯೂಟಿ ಸೈಕಲ್) ಇರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ದೀಪ ಹೊತ್ತಿದಾಗ ಸ್ವಿಚ್ ಆಫ್ ಮಾಡಬೇಡಿ, ಫ್ಯಾನ್ ಓಡುತ್ತಿರಲಿ. ಮೊದಲು ನಡೆಯುತ್ತಿದ್ದ ಅದೇ ಕೆಲಸದಲ್ಲಿ ಈಗೀಗ ದೀಪ ಹೊತ್ತತೊಡಗಿದ್ದರೆ ಮಾತ್ರ ಒಳಗಿನ ಧೂಳು, ನಿಂತ ಫ್ಯಾನ್ ಅಥವಾ ಗೋಡೆಗೆ ತೀರ ಒತ್ತಿಟ್ಟ ಯಂತ್ರವನ್ನು ಅನುಮಾನಿಸಬೇಕು.

ಕಣ್ಣು, ಮೈ, ಬೆಂಕಿಯ ಮಾತು ನಿಮಗೆ ಗೊತ್ತಿರುವುದೇ ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಮಿಗ್‌ಗೆ ಕರೆಂಟಿಗೆ ತಕ್ಕಂತೆ 10ರಿಂದ 13ನೇ ಶೇಡ್‌ನ ಗಾಜು ಬೇಕು; 300 ಆಂಪಿಯರ್ ದಾಟಿದರೆ 13. ಕಣ್ಣಿನ ಉರಿ ಆರ್ಕ್ ನೋಡಿದ ಹಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ ಶುರುವಾಗುತ್ತದೆ, ಮತ್ತು ಅದು ಹೆಚ್ಚು ಕಾಡುವುದು ಹೆಲ್ಮೆಟ್ ತೊಟ್ಟ ವೆಲ್ಡರನ್ನಲ್ಲ, ಪಕ್ಕದಲ್ಲಿ ಜಾಬ್ ಹಿಡಿದು ನಿಂತ ಸಹಾಯಕನನ್ನು; ಪರದೆ ಹಾಕಿ, ಅವನಿಗೂ ಶೀಲ್ಡ್ ಕೊಡಿ. ಕಿಡಿಗಳು ಹಾರುವ ಸುತ್ತಲಿನ 11 ಮೀಟರ್ ದೂರದೊಳಗೆ ಬೆಂಕಿ ಹಿಡಿಯುವ ವಸ್ತು ಇರಬಾರದು, ಕೆಲಸ ಮುಗಿದ ಮೇಲೆ ಒಂದು ಗಂಟೆ ಕಾವಲು ಇರಲಿ. ಇಂಧನ ತುಂಬಿದ್ದ ಡ್ರಮ್ ‘ಖಾಲಿಯಾಗಿದೆ’ ಎಂಬುದು ಅದನ್ನು ಬೆಸೆಯಲು ಅನುಮತಿಯಲ್ಲ. ಒಳಗಿನ ಆವಿಯೇ ಸಿಡಿಯುತ್ತದೆ. ಪೇಸ್‌ಮೇಕರ್ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಯಂತ್ರದ ಬಳಿ ಬರಬಾರದು, ಯಾರೂ ಕೇಬಲನ್ನು ಹೆಗಲಿಗೆ ಸುತ್ತಿಕೊಂಡು ಬೆಸೆಯಬಾರದು.

ನೀವೇ ಮಾಡಬೇಕಾದ ನಿರ್ವಹಣೆಯಲ್ಲಿ ಹೆಚ್ಚಿನ ಪಾಲು ವೈರ್ ಸಾಗುವ ದಾರಿಯದು. ಪ್ರತಿದಿನ ಕೆಲಸಕ್ಕೆ ಮುನ್ನ, ಯಂತ್ರ ಆನ್ ಮಾಡುವ ಮೊದಲೇ, ಕೇಬಲ್ಲುಗಳ ಉದ್ದಕ್ಕೂ ಕಣ್ಣಾಡಿಸಿ ತಾಮ್ರ ಕಾಣುವ ಜಾಗವಿದೆಯೇ ಎಂದು ನೋಡಿ, ಕ್ಲ್ಯಾಂಪ್ ಮತ್ತು ಕನೆಕ್ಟರ್ ಬಿಗಿ ನೋಡಿ, ನಾಝಲ್ ಶುಚಿಮಾಡಿ, ಟಿಪ್‌ನ ತೂತು ನೋಡಿ. ಹೊಸ ಟಿಪ್‌ನ ತೂತು ಗುಂಡಗಿರುತ್ತದೆ. ಸವೆದದ್ದು ಒಂದು ಬದಿಗೆ ಎಳೆದ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅಲ್ಲಿ ವೈರ್ ಒಮ್ಮೆ ತಾಗುತ್ತ ಒಮ್ಮೆ ಬಿಡುತ್ತ ಆರ್ಕ್ ನಡುಗುತ್ತದೆ, ಕೊನೆಗೆ ವೈರ್ ಟಿಪ್‌ಗೇ ಅಂಟಿಕೊಳ್ಳುತ್ತದೆ. ಅಂಥ ಟಿಪ್ಪನ್ನು ಉಜ್ಜಿ ಉಳಿಸಲು ಹೋಗಬೇಡಿ, ಬದಲಿಸಿ. ಬದಲಿಸಿದ್ದನ್ನು ಕೈಯಲ್ಲಿ ತಿರುಗಿಸಿ ಬಿಡದೆ ಸ್ಪ್ಯಾನರ್‌ನಿಂದ ಬಿಗಿಯಿರಿ.

ಟಿಪ್ ಹೊಸದಾದರೂ ಅಂಟುವಿಕೆ ನಿಲ್ಲದಿದ್ದರೆ ದೋಷ ಹಿಂದೆ, ಲೈನರಿನಲ್ಲಿ ಅಥವಾ ರೋಲರಿನಲ್ಲಿದೆ. ಪ್ರತಿ ಸ್ಪೂಲ್ ಬದಲಿಸುವಾಗ ಟಿಪ್ ಮತ್ತು ವೈರ್ ತೆಗೆದು, ಕನ್ನಡಕ ಧರಿಸಿ, ಲೈನರಿಗೆ ಒಣ ಗಾಳಿ ಊದಿ. ಹೊರಬರುವ ಕಪ್ಪು ಪುಡಿ ನೋಡಿದರೆ ಇದನ್ನು ಏಕೆ ಹೇಳುತ್ತಿದ್ದೇನೆ ಎಂದು ತಿಳಿಯುತ್ತದೆ. ರೋಲರಿನ ಒತ್ತಡವನ್ನು ಪರೀಕ್ಷಿಸಲು ಇಂಚಿಂಗ್ ಬಟನ್ ಒತ್ತಿ ವೈರನ್ನು ಒಣ ಮರದ ತುಂಡಿಗೆ ತಾಗಿಸಿ: ಟಾರ್ಚ್ ಮರಕ್ಕೆ ತೀರ ಹತ್ತಿರವಿದ್ದಾಗ ರೋಲರ್ ಜಾರಬೇಕು, ಕೊಂಚ ದೂರ ಹಿಡಿದಾಗ ವೈರ್ ಬಾಗಬೇಕು. ಹತ್ತಿರ ಹಿಡಿದರೂ ಜಾರದಷ್ಟು ಬಿಗಿದಿದ್ದರೆ, ಮುಂದೆ ತಡೆಯಾದಾಗ ವೈರ್ ರೋಲರ್ ಬಳಿಯೇ ಗುಬ್ಬಿಗೂಡಿನಂತೆ ಸುತ್ತಿಕೊಳ್ಳುತ್ತದೆ. ಅಲ್ಲದೆ ಅತಿಯಾದ ಒತ್ತಡ ವೈರನ್ನು ಚಪ್ಪಟೆ ಮಾಡಿ ಅದರ ಪುಡಿಯನ್ನು ಲೈನರಿಗೆ ತುಂಬುತ್ತದೆ. ಗಟ್ಟಿ ಉಕ್ಕಿನ ವೈರ್‌ಗೆ ವಿ ಆಕಾರದ ತೋಡಿರುವ ರೋಲರ್, ಅಲ್ಯೂಮಿನಿಯಂಗೆ ಯು ಆಕಾರದ್ದು, ಫ್ಲಕ್ಸ್ ತುಂಬಿದ ವೈರ್‌ಗೆ ಹಲ್ಲು ಕಚ್ಚುವ ರೋಲರ್. ಓಡುತ್ತಿರುವ ರೋಲರಿನ ಬಳಿ ಕೈಗವಸು ತೊಟ್ಟ ಬೆರಳು ಒಯ್ಯಬೇಡಿ, ಫೀಡರಿನ ಮುಚ್ಚಳ ಮುಚ್ಚಿಯೇ ಇರಲಿ.

ಮುಖ್ಯ ಕವರ್ ತೆಗೆಯುವ ಕೆಲಸದಿಂದ ಮುಂದಿನದು ಎಲೆಕ್ಟ್ರಿಷಿಯನ್‌ಗೆ ಸೇರಿದ್ದು. ಇನ್ವರ್ಟರ್ ಮಾದರಿಯ (ಎಲೆಕ್ಟ್ರಾನಿಕ್) ವೆಲ್ಡಿಂಗ್ ಯಂತ್ರದ ಕೆಪ್ಯಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತವೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಕೈ ಹಾಕಬೇಕು. ಗ್ರೈಂಡಿಂಗ್ ನಡೆಯುವ ಜಾಗದಲ್ಲಿ ಫ್ಯಾನ್ ಒಳಗೆಳೆಯುವ ಧೂಳು ಬರೀ ಧೂಳಲ್ಲ, ಕಬ್ಬಿಣದ ಪುಡಿ. ಅದು ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತು ವಿದ್ಯುತ್‌ಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ಬಾಡಿಯ ಜುಮ್ಮಿಗೆ ಇನ್ಸುಲೇಷನ್ ಸೋರಿಕೆಯ ಮೂಲ ಅಲ್ಲಿಯೇ ಇದ್ದರೂ ಆಶ್ಚರ್ಯವಿಲ್ಲ. ಒಣಗಿದ, ಎಣ್ಣೆಯಿಲ್ಲದ ಗಾಳಿಯಿಂದ ಕಡಿಮೆ ಒತ್ತಡದಲ್ಲಿ, ಫ್ಯಾನ್ ರೆಕ್ಕೆ ತಿರುಗದಂತೆ ಹಿಡಿದು ಶುಚಿಮಾಡಿಸಿ. ಗ್ರೈಂಡಿಂಗ್ ಹೆಚ್ಚಿರುವಲ್ಲಿ ಮೂರು ತಿಂಗಳಿಗೊಮ್ಮೆ, ಉಳಿದೆಡೆ ಆರು ತಿಂಗಳಿಗೊಮ್ಮೆ ಸಾಕು.

ಶುಚಿಗೊಳಿಸಿದ ನಂತರ ಎಲೆಕ್ಟ್ರಿಷಿಯನ್‌ನಿಂದ ಐಇಸಿ 60974-4 ಮಾನದಂಡದಂತೆ ಪರೀಕ್ಷೆ ಮಾಡಿಸಿ, ಓದುಗಳನ್ನು ಬರೆದಿಡಿಸಿ. ಮೊದಲು ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಯಂತ್ರದ ಬಾಡಿಯವರೆಗಿನ ಪ್ರತಿರೋಧ. 5 ಮೀಟರ್‌ವರೆಗಿನ ಕೇಬಲ್ಲಿಗೆ ಅದು 0.3 ಓಮ್ ಮೀರಬಾರದು, ಮತ್ತು ಅಳೆಯುವಾಗ ಕೇಬಲನ್ನು ಬಾಗಿಸುತ್ತ, ಪ್ಲಗ್ಗಿನ ಬುಡವನ್ನು ಅಲುಗಾಡಿಸುತ್ತ ನೋಡಬೇಕು, ಏಕೆಂದರೆ ಅರ್ಧ ಸುಟ್ಟ ತಂತಿ ನಿಶ್ಚಲವಾಗಿದ್ದಾಗ ಸರಿಯಾಗಿಯೇ ತೋರಿಸುತ್ತದೆ. ಆಮೇಲೆ 500 ವೋಲ್ಟ್ ಮೆಗ್ಗರಿನಿಂದ ಇನ್ಸುಲೇಷನ್: ಮೇನ್ ಸರ್ಕ್ಯೂಟ್ ಮತ್ತು ವೆಲ್ಡಿಂಗ್ ಸರ್ಕ್ಯೂಟ್ ನಡುವೆ ಕನಿಷ್ಠ 5 ಮೆಗಾ ಓಮ್, ಇವೆರಡರಲ್ಲಿ ಪ್ರತಿಯೊಂದಕ್ಕೂ ಬಾಡಿಗೂ ನಡುವೆ ಕನಿಷ್ಠ 2.5 ಮೆಗಾ ಓಮ್. ಮೆಗ್ಗರ್ ಹಚ್ಚುವ ಮುನ್ನ ಇನ್ವರ್ಟರಿನ ಎಲೆಕ್ಟ್ರಾನಿಕ್ ಭಾಗಗಳನ್ನು ತಯಾರಕರ ಸೂಚನೆಯಂತೆ ಬೇರ್ಪಡಿಸಬೇಕು, ಇಲ್ಲವಾದರೆ ಪರೀಕ್ಷೆಯೇ ಯಂತ್ರವನ್ನು ಕೆಡಿಸುತ್ತದೆ. ರಕ್ಷಣಾ ತಂತಿ ಸುಟ್ಟಿದ್ದು ಕಂಡುಬಂದರೆ ಕೇಬಲ್ ಬದಲಿಸಿದ್ದಕ್ಕೆ ನಿಲ್ಲಬೇಡಿ. ಅದೇ ಜಾಬ್ ಮೇಜಿಗೆ ತಾಗಿಕೊಂಡು ಓಡುವ ಗ್ರೈಂಡರ್, ಡ್ರಿಲ್, ಕ್ರೇನ್‌ಗಳ ಅರ್ಥ್ ತಂತಿಗಳನ್ನೂ ಅದೇ ದಿನ ಅಳೆಯಿಸಿ.